ಪೊಳ್ಳು ಗ್ಲೌಸು

ಕೊಳ್ಳೇಗಾಲದ ಸೀಮೆಯಲ್ಲಿ ಮಾದಸ್ವಾಮಿಗೆ ಸ್ವಂತ ಕ್ರಿಕೆಟ್ ಟೀಮೆಂಬುದೇ ಇರಲಿಲ್ಲ. ಕರೆದವರ ಊರೇ ಅವನ ಊರು. ಈ ವಾರ ಹನೂರು, ಬರುವ ವಾರ ಯಳಂದೂರು. ಬಸ್ ಚಾರ್ಜು, ಒಂದು ಹೊತ್ತಿನ ಊಟ, ಒಂದಿಷ್ಟು ಕೂಲಿ ಕೊಟ್ಟರೆ ಸ್ಟಂಪಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುತ್ತಿದ್ದ. ಹದಿನೆಂಟು ವರ್ಷ ಹೀಗೇ ಕಳೆಯಿತು. ಸೊಟ್ಟಗಾಗದೆ ಉಳಿದ ಬೆರಳೆಂದರೆ ಎಡಗೈ ಹೆಬ್ಬೆರಳೊಂದೇ.

ಅವನ ಹೆಂಡತಿ ಚಿಕ್ಕನಿಂಗಮ್ಮ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವಳು. ನೂಲು ತೆಗೆದ ಮೇಲೆ ಉಳಿಯುವ ಹರಕು ರೇಷ್ಮೆಯನ್ನು ಮಾದಸ್ವಾಮಿ ಕದ್ದು ಗ್ಲೌಸಿನೊಳಗೆ ಮೆತ್ತೆಯಾಗಿ ತುರುಕಿಕೊಳ್ಳುತ್ತಿದ್ದ. ಪ್ರತಿ ಶನಿವಾರ ಅದಕ್ಕೊಂದು ಜಗಳ. ಈ ಸಲ ಕಾಂಪೌಂಡರು ಅವನ ಬಲಗೈ ನೋಡಿ, ಇನ್ನೊಂದು ಏಟು ಬಿದ್ದರೆ ತುತ್ತು ಎತ್ತುವುದಕ್ಕೂ ಆಗದು ಎಂದಿದ್ದರು. ಚಿಕ್ಕನಿಂಗಮ್ಮ ಗ್ಲೌಸಿನ ಹೊಲಿಗೆ ಬಿಚ್ಚಿ ಮೆತ್ತೆಯನ್ನೆಲ್ಲ ಕಿತ್ತು ಬಚ್ಚಿಟ್ಟಳು. ಇನ್ನು ಹೇಗೆ ಹೋಗುತ್ತಾನೋ ನೋಡಿಯೇಬಿಡೋಣ ಎಂದುಕೊಂಡಳು.

ಅವನು ಹೋಗಿಯೇ ಹೋದ, ಪೊಳ್ಳು ಗ್ಲೌಸನ್ನೇ ಹೆಗಲಿಗೆ ಹಾಕಿಕೊಂಡು.

ಚಿಕ್ಕನಿಂಗಮ್ಮ ಮೆತ್ತೆಯನ್ನು ಮಡಿಲಿಗೆ ಕಟ್ಟಿಕೊಂಡು ಊರ ಮೈದಾನಕ್ಕೆ ಓಡಿದಳು. ಆಟ ಆಗಲೇ ಶುರುವಾಗಿತ್ತು. ಕೊಳ್ಳೇಗಾಲದವರು ಬ್ಯಾಟು ಹಿಡಿದಿದ್ದರು. ಗಂಡ ಯಳಂದೂರಿನವರ ಕಡೆಗೆ ಕೀಪರು. ಬೌಲರು ಷಡಕ್ಷರಿ, ಕಣ್ಣು ಮುಚ್ಚಿ ಎಸೆಯುವ ಆಸಾಮಿ. ಅಷ್ಟೊಂದು ಗಂಡಸರ ನಡುವೆ ನುಗ್ಗುವುದು ಹೇಗೆ? ಬೇವಿನ ಮರದಡಿ ನಿಂತುಬಿಟ್ಟಳು. ಹದಿನೈದು ವರ್ಷ ಸಂಸಾರ ಮಾಡಿದ್ದರೂ ಅವನ ಆಟ ನೋಡಿದ್ದು ಅಂದೇ ಮೊದಲು.

ಚೆಂಡು ಬಂತು. ಮೆತ್ತೆಯಿಲ್ಲದ ಅಂಗೈಗೆ ಬೀಳುವ ಸದ್ದಿಗೆ ಹೆದರಿ ಕಣ್ಣು ಮುಚ್ಚಿದಳು. ಸದ್ದೇ ಬರಲಿಲ್ಲ, ಕಣ್ಣು ತೆರೆದಳು. ಮಿಕ್ಕವರು ಹಿಡಿದರೆ ಫಟ್ಟೆನ್ನುವ ಚೆಂಡು ಅವನ ಕೈಯಲ್ಲಿ ಸುಮ್ಮನೆ ಮಲಗಿತ್ತು. ನೋಡುತ್ತ ನೋಡುತ್ತ ಅವಳಿಗೆ ತಿಳಿಯಿತು: ಅವನು ಚೆಂಡನ್ನು ತಡೆಯುತ್ತಿರಲಿಲ್ಲ, ಅದರ ಜೊತೆಗೇ ಕೈಯನ್ನು ಹಿಂದಕ್ಕೆ ಒಯ್ಯುತ್ತಿದ್ದ. ನೂಲು ಬಿಚ್ಚುವಾಗ ಜಗ್ಗಿದರೆ ಎಳೆ ತುಂಡಾಗುತ್ತದೆ, ಅದು ಬಂದಂತೆ ಕೈ ಹೋಗಬೇಕು ಎಂದು ಅವಳಿಗೆ ಅವ್ವ ಕಲಿಸಿದ್ದಳು. ಈ ಮನುಷ್ಯನಿಗೆ ಕಲಿಸಿದವರು ಯಾರು? ಇಂಥವನನ್ನು ಅಲೆಮಾರಿ ಎಂದು ಬೈದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಕೊನೆಗೆ ಕೊಳ್ಳೇಗಾಲಕ್ಕೆ ಗೆಲ್ಲಲು ಎರಡೇ ರನ್ನು ಬೇಕು, ಉಳಿದದ್ದು ಒಂದೇ ವಿಕೆಟ್ಟು. ಷಡಕ್ಷರಿಯ ಚೆಂಡು ಬ್ಯಾಟನ್ನು ಸವರಿ ಎತ್ತಲೋ ಹಾರಿತು. ಮಾದಸ್ವಾಮಿ ಅಡ್ಡಡ್ಡಕ್ಕೆ ಜಿಗಿದು ಮಣ್ಣಿಗೆ ಬಿದ್ದ. ಧೂಳಿನೊಳಗಿಂದ ಬಲಗೈ ಮೇಲೆದ್ದಿತು. ಚೆಂಡು ಅದರಲ್ಲಿತ್ತು!

ಯಳಂದೂರಿನವರು ಷಡಕ್ಷರಿಯನ್ನು ಹೊತ್ತು ಕುಣಿದರು. ಕೀಪರನ ಕಡೆ ಯಾರೂ ತಿರುಗಲಿಲ್ಲ. ಅವನು ಮೈ ಕೊಡವಿಕೊಂಡು ಮರದತ್ತ ಬಂದ. ಅಂಗೈ ಕೆಂಪಗೆ ಬಾತಿತ್ತು.

"ಬೆರಳು ಮಡಿಸು, ನೋಡ್ತೀನಿ," ಅಂದಳು. ಸೊಟ್ಟ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಐದೂ. ಅವಳಿಗೆ ಅಳು ಬಂತು. "ಮೆತ್ತೆ ಕಿತ್ತಾಕ್ದೋಳು ನಾನೇಯ."

"ಗೊತ್ತು ಬುಡಮ್ಮಿ. ಮನೇಲಿ ಇನ್ಯಾರವ್ರೆ?"

ಅವಳು ಕಣ್ಣೊರೆಸಿಕೊಂಡು ಮಡಿಲು ಬಿಚ್ಚಿದಳು. "ಮುಂದ್ಲ ವಾರ ಯಾವೂರು?"

"ಅನೂರು. ಯಾಕಮ್ಮಿ?"

ಚಿಕ್ಕನಿಂಗಮ್ಮ ಅಲ್ಲೇ ಕೂತು ಗ್ಲೌಸಿನೊಳಗೆ ರೇಷ್ಮೆ ತುಂಬತೊಡಗಿದಳು. "ನಾನೂ ಬತ್ತೀನಿ," ಅಂದಳು.