ಉಜ್ಜಬಾರದ ಕಲ್ಲು

ಮಗಳಿಗೆ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಅಪ್ಪ ಅವಳಿಗೆ ಇಟ್ಟಿದ್ದ ಅಡ್ಡಹೆಸರು ತಿದ್ದಮ್ಮ. ಗೋಡೆಯ ಕ್ಯಾಲೆಂಡರ್ ಒಂದಿಷ್ಟು ಸೊಟ್ಟಗಿದ್ದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ವರ್ಷದಿಂದೀಚೆಗೆ ಅವಳ ಕಣ್ಣು ಅಪ್ಪನ ಬಲಗೈ ಬಿಟ್ಟು ಕದಲುತ್ತಿರಲಿಲ್ಲ. ಲೋಟ ಎತ್ತುವಾಗ ಆ ಕೈ ನಡುಗುತ್ತಿತ್ತು, ಅಪ್ಪನಾದರೋ ಕಲ್ಲು ಕೆತ್ತುವವನು.

ಮಕ್ಕಳ ಆಸ್ಪತ್ರೆಯ ಡಾಕ್ಟರಮ್ಮ ರೋಗಿಗಳು ಕಾಯುವ ಕೋಣೆಗೆಂದು ಒಂದು ಸಲ್ಸಬೀಲ್ ಮಾಡಿಕೊಡಲು ಹೇಳಿದ್ದರು. ಅದು ಗೋಡೆಗೆ ಓರೆಯಾಗಿ ನಿಲ್ಲಿಸುವ ಅಮೃತಶಿಲೆಯ ಚಪ್ಪಡಿ; ಮೈತುಂಬ ಮೀನಿನ ಹುರುಪೆಯಂಥ ಅಲೆಗಳು. ಮೇಲಿನಿಂದ ಬಿಟ್ಟ ನೀರು ತೆಳ್ಳಗೆ ಹರಡಿಕೊಂಡು ಇಳಿಯುತ್ತ ಕೋಣೆಯನ್ನು ತಂಪಾಗಿಸುತ್ತದೆ.

"ಹಳೇ ಕಾಲದ ಫ್ಯಾನು ಕಣಮ್ಮ," ಎಂದಿದ್ದ ಅಪ್ಪ. ಅದರ ಹಿಂದೆಯೇ ಇನ್ನೊಂದು ಮಾತು ಸೇರಿಸಿದ್ದ. "ನೀರು ಇದರ ಮೇಲೆ ಸರಿಯಾಗಿ ಇಳಿದ್ರೆ ಕೆಲಸ ಮುಂದುವರಿಸ್ತೀನಿ. ಇಲ್ಲಾಂದ್ರೆ ಉಳಿ ಕಟ್ಟಿಡ್ತೀನಿ. ನೀನೂ ನನ್ನ ಕೈಗೆ ಕಾವಲು ಕೂರೋದು ತಪ್ಪುತ್ತೆ."

ಪಕ್ಕದಲ್ಲಿ ತೂಗುಹಾಕುವ ಫಲಕಕ್ಕೆ ಸಲ್ಸಬೀಲ್ ಎಂಬ ಪದದ ಅರ್ಥ ಬರೆದುಕೊಡುವುದು ಮಗಳ ಪಾಲಿಗೆ ಬಂತು. ಅವಳು ಎರಡು ನಿಘಂಟು ತಿರುವಿ ಅಪ್ಪನಿಗೆ ಓದಿ ಹೇಳಿದಳು: ಪದ ಅರಬ್ಬಿಯದು, ಸ್ವರ್ಗದ ಒಂದು ಬುಗ್ಗೆಯ ಹೆಸರು. ಅಲ್ಲಿ ಕುಡಿಯಲು ಕೊಡುವ ಬಟ್ಟಲಿಗೆ ಶುಂಠಿ ಬೆರೆಸಿರುತ್ತದೆ. ಗಂಟಲಲ್ಲಿ ಸರಾಗವಾಗಿ ಇಳಿಯುವಂಥದ್ದು ಎಂದು ಅರ್ಥ. ಹೆಣ್ಣುಮಕ್ಕಳಿಗೂ ಆ ಹೆಸರಿಡುತ್ತಾರೆ.

"ಶುಂಠಿ ಇದೆ ಅಂದ್ಮೇಲೆ ಟೀನೂ ಇರುತ್ತೆ," ಎಂದ ಅಪ್ಪ. "ಹೋಗೋಕೆ ಅಡ್ಡಿಯಿಲ್ಲ."

"ಅವಸರ ಏನಿಲ್ಲ," ಎಂದಳು ಮಗಳು, ನಗದೆ.

ಡಾಕ್ಟರಮ್ಮ ಚಪ್ಪಡಿ ನೋಡಲು ಬರುವ ಹಿಂದಿನ ದಿನ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಅವಳು ಚಪ್ಪಡಿಯ ಮೇಲೆ ಬೆರಳಾಡಿಸಿದಳು. ಒಂದು ಅಲೆ ಆಳ, ಇನ್ನೊಂದು ಮೇಲೆಮೇಲೆ. ಅಂಚುಗಳು ತರಿತರಿ. ಸರಾಗ ಎಂಬ ಮಾತು ತಲೆಯಲ್ಲಿ ಕೂತಿತ್ತು. ನೋಡಿದವರು ಅಪ್ಪನ ಕೈಯ ಗುಟ್ಟು ಹಿಡಿದಾರು ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಉಜ್ಜುಗಲ್ಲು ತೆಗೆದುಕೊಂಡು ಕೆಳತುದಿಯಿಂದ ತಿದ್ದತೊಡಗಿದಳು. ಮೂರರಲ್ಲೊಂದು ಭಾಗ ನುಣ್ಣಗಾಗುವಷ್ಟರಲ್ಲಿ ಒಳಗೆ ಕೆಮ್ಮು ಕೇಳಿಸಿತು. ತೊಳೆದು, ಒರೆಸಿ, ಏನೂ ಅರಿಯದವಳಂತೆ ಅಡುಗೆಮನೆ ಸೇರಿದಳು.

ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ಅಪ್ಪ ಅಂಗಳದಲ್ಲಿ ಪೈಪು ಹಿಡಿದ. ನೀರು ಚಪ್ಪಡಿಯ ಅಗಲಕ್ಕೂ ಹರಡಿಕೊಂಡು ಜುಳುಜುಳು ಇಳಿಯಿತು. ಉಜ್ಜಿದ ಜಾಗ ಮುಟ್ಟಿದ್ದೇ ತಡ, ಒಂದೇ ಹಗ್ಗವಾಗಿ ಸೇರಿಕೊಂಡು ಜಾರಿ ಅಪ್ಪನ ಕಾಲ ಮೇಲೆ ಸುರಿಯಿತು.

ಅಪ್ಪ ನಲ್ಲಿ ನಿಲ್ಲಿಸಿ ತನ್ನ ಬಲಗೈಯನ್ನು ನೋಡಿಕೊಂಡ. "ಆಯ್ತು ಬಿಡು," ಎಂದು ಉಳಿಗಳನ್ನು ಒಂದೊಂದಾಗಿ ಬಟ್ಟೆಗೆ ಸುತ್ತತೊಡಗಿದ.

ಮಗಳು ಸುಮ್ಮನಿದ್ದರೆ ಸಾಕಿತ್ತು. ಇನ್ನು ಕಲ್ಲಿನ ಧೂಳಿಲ್ಲ, ಬೆರಳಿಗೆ ಸುತ್ತಿಗೆ ಬಿದ್ದೀತೆಂಬ ಚಿಂತೆಯಿಲ್ಲ. ವರ್ಷವಿಡೀ ಅವಳು ಬಯಸಿದ್ದು ತಾನಾಗಿ ಕೈಗೆ ಬಂದಿತ್ತು. ಅಪ್ಪ ಬಟ್ಟೆಗೆ ಗಂಟು ಹಾಕಲು ಹೋಗಿ ಎರಡು ಸಲ ತಪ್ಪಿದ.

"ತಪ್ಪು ನಿನ್ನ ಕೈಯದಲ್ಲಪ್ಪ, ನಂದು," ಎಂದಳು. "ನಿನ್ನೆ ನೀನು ಮಲಗಿದ್ದಾಗ ಉಜ್ಜಿಬಿಟ್ಟೆ. ಏರುಪೇರು ಇತ್ತು. ಸರಾಗ ಅಂತ ಪುಸ್ತಕದಲ್ಲೂ ಇತ್ತು."

ಅಪ್ಪ ಬಗ್ಗಿ ಹೆಬ್ಬೆರಳಿನಿಂದ ಸವರಿದ.

"ಚೆನ್ನಾಗೇ ಉಜ್ಜಿದೀಯ. ಊಟಕ್ಕೆ ತಟ್ಟೆ ಬೇಡ, ಇದ್ರ ಮೇಲೇ ಬಡಿಸ್ಬಹುದು."

"ಬೈದುಬಿಡು."

"ಸರಾಗ ಇಳೀಬೇಕಾದ್ದು ನೀರು ಕಣೇ, ಕಲ್ಲಲ್ಲ. ನುಣ್ಣಗಿದ್ರೆ ನೀರು ಒಂದೇ ಕಡೆ ಸೇರಿ ಓಡಿಹೋಗುತ್ತೆ. ಅಲ್ಲಲ್ಲಿ ತೊಡರಿಕೊಂಡ್ರೇನೇ ಹರಡೋದು. ಅಲೆ ಒಂದೊಂದೂ ಬೇರೆಬೇರೆ ಬರ್ಲಿ ಅಂತ ನಮ್ಮ ಗುರುಗಳು ಬೇಕಂತಲೇ ಕೈ ಅಲ್ಲಾಡಿಸ್ತಿದ್ರು. ನನಗೆ ಪುಕ್ಕಟೆ ಬಂದಿದೆ." ಉಳಿಗಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. "ಡಾಕ್ಟರಮ್ಮಂಗೆ ಫೋನ್ ಮಾಡಿ ಸಂಜೆ ಬರೋಕೆ ಹೇಳು. ಯಾಕೆ ಅಂತ ಕೇಳಿದ್ರೆ, ಮುದ್ರಣದೋಷ ಅನ್ನು."

ಅವಳು ಅಂದು ಕೆಲಸಕ್ಕೆ ಹೋಗಲಿಲ್ಲ. ಉಜ್ಜಿದ ಜಾಗದಲ್ಲಿ ಅಪ್ಪ ಮತ್ತೆ ಅಲೆ ಕೆತ್ತುವಾಗ ಪಕ್ಕದಲ್ಲಿ ಕೂತು ಚೊಂಬಿನಿಂದ ನೀರು ಹನಿಸಿ ಧೂಳು ಅಡಗಿಸುತ್ತಿದ್ದಳು. ಗಾಳಿಯಲ್ಲಿದ್ದಾಗ ನಡುಗುತ್ತಿದ್ದ ಉಳಿ, ಕಲ್ಲಿಗೆ ತಾಗಿದ ಮೇಲೆ ಮೆಲ್ಲನೆ ತನ್ನ ದಾರಿ ಹಿಡಿಯುವುದನ್ನು ಮೊದಲ ಸಲ ಹತ್ತಿರದಿಂದ ಕಂಡಳು.

ಸಂಜೆ ನೀರು ಮೇಲಿನಿಂದ ಕೆಳತುದಿಯವರೆಗೂ ಎಲ್ಲೂ ಕೂಡಿಕೊಳ್ಳದೆ ಇಳಿಯಿತು. ಡಾಕ್ಟರಮ್ಮ ಅಂಗೈಯೊಡ್ಡಿ ನಿಂತೇ ಇದ್ದರು. ಆಮೇಲೆ, "ಮೇಲಿನ ವಾರ್ಡಿಗೂ ಒಂದು ಆಗುತ್ತಾ?" ಎಂದರು.

"ಮಗಳನ್ನ ಕೇಳಿ," ಎಂದ ಅಪ್ಪ, ನೀರನ್ನೇ ನೋಡುತ್ತ.

ಮಗಳು ಅಪ್ಪನ ಬಲಗೈ ನೋಡಿದಳು. ಅದು ನಡುಗುತ್ತಲೇ ಇತ್ತು.

"ಮಾಡಿಕೊಡ್ತಾರೆ," ಎಂದಳು.

ಅಪ್ಪ ಉಜ್ಜುಗಲ್ಲನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡ.