ಶನಿವಾರ ಗೇಟು ದಾಟದ ಹತ್ತು ಬೋಲ್ಟು

ಅಜ್ಜಿ ನನ್ನನ್ನು ಕೇಳಿಯೇ ಕೊಟ್ಟಿದ್ದು, ಅದು ನಿಜ. "ಪಲ್ಲವಿ, ಈ ಡಬ್ಬೀಲಿರೋ ತುಕ್ಕು ಕಬ್ಬಿಣವ ಗುಜ್ರಿಯವ್ನಿಗೆ ಆಕ್ಬುಡ್ಲಾ?" ಎಂದು ಜಗುಲಿಯಿಂದ ಕೂಗಿದ್ದರು. ನಾನು ಫೋನಿನಿಂದ ತಲೆ ಎತ್ತದೆ, "ಹ್ಞೂಂ ಹಾಕಜ್ಜಿ" ಅಂದಿದ್ದೆ. ಮೈಕು ಕಟ್ಟಿಕೊಂಡು ನಮ್ಮೂರು ಹೆಡತಲೆಗೆ ಬರುವ ಆಟೊದವನು ಹಳೇ ಕಬ್ಬಿಣಕ್ಕೆ ಈರುಳ್ಳಿ ಕೊಡುತ್ತಾನೆ. ಅಜ್ಜಿ ಸೆರಗಿನಲ್ಲಿ ಎರಡು ಕೆಜಿ ತುಂಬಿಕೊಂಡು ಖುಷಿಯಾಗಿ ಒಳಗೆ ಬಂದರು.

ಅದು ಶುಕ್ರವಾರ. ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ಶಿವಣ್ಣ ಬಂದು, "ಸೀಮೆಎಣ್ಣೇಲಿ ನೆನೆ ಆಕಿದ್ನಲ್ಲ, ಹೆಡ್ ಬೋಲ್ಟು, ಎಲ್ಲವ್ವಾ?" ಎಂದಾಗ ನಾನು ಈರುಳ್ಳಿ ಬುಟ್ಟಿ ತೋರಿಸಿ ನಡೆದದ್ದನ್ನು ಹೇಳಿದೆ.

ಅಪ್ಪನ ಪದ್ಮಿನಿ ಕಾರು ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ನನಗಿಂತ ಹದಿನೈದು ವರ್ಷ ದೊಡ್ಡದು. ಗ್ಯಾಸ್ಕೆಟ್ ಹಾಕಲು ಇಂಜಿನ್ನಿನ ಮೇಲಿನ ಭಾಗ, ಅಂದರೆ ಹೆಡ್ಡು, ಬಿಚ್ಚಿದ್ದರು. ಅದನ್ನು ಬಿಗಿಯುವ ಹತ್ತು ಬೋಲ್ಟುಗಳೇ ಈಗ ಈರುಳ್ಳಿಯಾಗಿದ್ದವು. ಸೋಮವಾರ ಮೈಸೂರಿನ ಆರ್‌ಟಿಒದಲ್ಲಿ ಗಾಡಿ ತೋರಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕು. ಈ ಸಲ ಪಾಸಾಗದಿದ್ದರೆ ಕಾರನ್ನು ಗುಜರಿಗೆ ಹಾಕುತ್ತೇನೆಂದು ಅಪ್ಪ ಅಮ್ಮನಿಗೆ ಮಾತು ಕೊಟ್ಟಿದ್ದರು. ಕೊಟ್ಟ ಮಾತನ್ನು ಅಮ್ಮ ಮರೆಯುವವರಲ್ಲ.

"ಎಷ್ಟ್ ಕೆಜಿ ಕೊಟ್ಟ ಈರುಳ್ಳಿಯ?" ಎಂದ ಶಿವಣ್ಣ.

"ಎರಡು."

"ಮೋಸ ಓದ್ರಿ ಕಣವ್ವ. ಮೂರು ಬರ್ಬೇಕಾಗಿತ್ತು."

"ಶಿವಣ್ಣ, ಪ್ಲೀಸ್, ಅಪ್ಪಂಗೆ ಹೇಳ್ಬೇಡ. ನಾನು ತತ್ತೀನಿ."

"ತಾ. ಆದ್ರೆ ಇವತ್ತೇ ತಾ. ನಾಳೆ ನಮ್ ತಂಗಿ ಮನೆ ಗೃಹಪ್ರವೇಶ, ನಾನ್ ಸಿಕ್ಕಕ್ಕಿಲ್ಲ."

ಅಪ್ಪ ಮೇಷ್ಟ್ರು, ಶಾಲೆಗೆ ಹೋಗಿದ್ದರು. ಶನಿವಾರ ಅರ್ಧ ದಿನ ಪಾಠ. ಆನ್‌ಲೈನಿನಲ್ಲಿ ಹುಡುಕಿದೆ. ಒಂದು ಸೆಟ್ಟಿಗೆ ನಾಲ್ಕು ಸಾವಿರ, ಬರಲು ಹನ್ನೊಂದು ದಿನ. ನನ್ನ ಹತ್ತಿರ ಇದ್ದದ್ದು ಒಂಬೈನೂರು. ನಂಜನಗೂಡಿಗೆ ಬಸ್ಸು ಹತ್ತಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಉದ್ದದ, ಫಳಫಳ ಹೊಳೆಯುವ ಬೋಲ್ಟು ಸಿಕ್ಕಿದಾಗ ಕುಣಿಯುವುದೊಂದು ಬಾಕಿ. ವೀಡಿಯೊ ಕಾಲಿನಲ್ಲಿ ಶಿವಣ್ಣನಿಗೆ ತೋರಿಸಿದೆ.

"ಅದು ಗೇಟ್‌ಗೆ ಆಕದು, ಇಂಜಿನ್‌ಗಲ್ಲ. ಬಿಸಿಗೆ ಎಳ್ಕಂಡು ಮೆತ್ತಗಾಯ್ತದೆ. ವಾಪಸ್ ಇಡು."

ಗುಜರಿಯವನಿಗೆ ಫೋನ್ ಮಾಡಿದೆ. ಅವನ ನಂಬರು ಆಟೊದ ಮೇಲೆ ಬರೆದಿರುವುದು ಊರಿಗೆಲ್ಲ ಗೊತ್ತು. ಲೋಡು ನಿನ್ನೆಯೇ ಮೈಸೂರು ಸೇರಿತ್ತಂತೆ. "ಪದ್ಮಿನಿ ಸಾಮಾನಾ? ಟಿ. ನರಸೀಪುರದಾಗೆ ಮಾರಯ್ಯ ಅಂತವ್ನೆ, ನೋಡೋಗಿ" ಎಂದು ಇಟ್ಟುಬಿಟ್ಟ.

ಬಸ್ಸಿನಲ್ಲಿ ನಿಂತೇ ಹೋದೆ. ಐದು ನಿಮಿಷಕ್ಕೊಮ್ಮೆ ಟೈಮು ನೋಡುತ್ತಿದ್ದೆ. ನರಸೀಪುರದಲ್ಲಿ ಕೇಳಿಕೊಂಡು ಹೋದರೆ ತಗಡಿನ ಶೆಡ್ಡು, ಒಳಗೆ ಎರಡು ಸತ್ತ ಪದ್ಮಿನಿ, ಅವುಗಳ ಪಕ್ಕ ಸ್ಟೂಲಿನ ಮೇಲೆ ಬೀಡಿ ಸೇದುತ್ತ ಮಾರಯ್ಯ. ನಾನು ಹೇಳಿದ್ದನ್ನು ಕೇಳಿ ಒಂದು ಟಿನ್ನಿನಿಂದ ಎಣ್ಣೆ ಸೋರುವ ಬೋಲ್ಟುಗಳನ್ನು ಎಣಿಸಿ ಹೊರಗಿಟ್ಟ. ಹತ್ತಕ್ಕೆ ಹತ್ತೂ ಇದ್ದವು. ಮತ್ತೆ ವೀಡಿಯೊದಲ್ಲಿ ಶಿವಣ್ಣನಿಗೆ ತೋರಿಸಿದೆ. "ಇವೇ ಕಣವ್ವ ಪಲ್ಲವಿ, ಇವೇ!"

"ಎಷ್ಟ್ ತಾತ?"

"ಎಂಟ್ನೂರು. ನಾಳೆ ಬಂದು ತಕಂಡೋಗು."

"ಯಾಕೆ ನಾಳೆ?"

"ಇವತ್ತು ಶನಿವಾರ ಅಲ್ವಾ ಕೂಸೆ. ಕಬ್ಬಿಣ ಈ ಗೇಟ್ ದಾಟಕ್ಕಿಲ್ಲ."

ನಗು ಬಂತು, ಆದರೆ ಅವನು ನಗಲಿಲ್ಲ. ದುಡ್ಡು ನಾಳೆ ಕೊಡುತ್ತೇನೆ, ಬೋಲ್ಟು ಈಗ ಕೊಡಿ ಎಂದು ಬೇಡಿಕೊಂಡೆ. ಶನಿವಾರ ಕಬ್ಬಿಣ ಕೊಂಡು ಮನೆಗೆ ತರಬಾರದು ಎಂದು ನಮ್ಮ ಅಜ್ಜಿಯೂ ಹೇಳುತ್ತಾರೆ. ಅವರದು ಬರೀ ಬಾಯಿಮಾತು. ಮಾರಯ್ಯನದು ಹಾಗಲ್ಲ.

"ಒಂದ್ ಸಲ ಕೊಟ್ಟೆ ಕಣವ್ವ, ಒಂದು ವ್ಯಾನಿನ ಸ್ಪ್ರಿಂಗ್ ಪಟ್ಟಾವ. ಆವತ್ತೇ ಸಂದೇಲಿ ಆ ವ್ಯಾನು ಪಲ್ಟಿ ಒಡೀತು. ಡ್ರೈವರ್ ನನ್ನ ಬಾಮೈದ. ಬದುಕವ್ನೆ, ಆದ್ರೆ ಕಾಲಿಲ್ಲ. ನೀನ್ ಕೇಳ್ಬ್ಯಾಡ, ನಾನ್ ಕೊಡಕ್ಕಿಲ್ಲ."

ಮಧ್ಯಾಹ್ನ ಒಂದೂವರೆ ಆಗಿತ್ತು. ಕಣ್ಣಲ್ಲಿ ನೀರು ಬಂತು. ಅವನೇ ನೀರಿನ ಚೊಂಬು ಮುಂದಿಟ್ಟ. ಆಗ ಗೇಟಿನೊಳಗೆ ಒಬ್ಬ ಲಟಪಟ ಬೈಕು ತಳ್ಳಿಕೊಂಡು ಬಂದ.

"ತಾತ, ಗಾಡಿ ಒಳಕ್ಕೆ ಬರ್ಬೋದಾ ಇವತ್ತು?" ಎಂದು ನಾನು ಕೇಳಿದೆ.

"ಬರೋ ಗಿರಾಕಿನ ಯಾರಾರ ಬ್ಯಾಡ ಅಂದಾರಾ?"

"ಹಂಗಾದ್ರೆ ನಮ್ ಕಾರೇ ಇಲ್ಲಿಗ್ ಬಂದ್ರೆ? ಇಲ್ಲೇ ಬಿಗೀತೀವಿ. ಬೋಲ್ಟು ಎಲ್ಲೂ ಹೋಗಲ್ಲ."

ಮಾರಯ್ಯ ಬೀಡಿಯನ್ನು ಬಾಯಿಂದ ತೆಗೆದ. "ಒಳಕ್ ಬರಲಿ. ಆಚೀಗ್ ಓಗದು ನಾಳೆ ಒತ್ತುಟ್ಟಿದ್ ಮ್ಯಾಕೆ."

ಕಾರು ಬರಬೇಕೆಂದರೆ ಅಪ್ಪನಿಗೆ ಹೇಳಲೇಬೇಕು. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ನಾಲ್ಕನೆಯ ಸಲ ಅವರು ಎತ್ತಿಬಿಟ್ಟರು. ಈರುಳ್ಳಿಯಿಂದ ಹಿಡಿದು ಶನಿವಾರದವರೆಗೆ ಒಂದೇ ಉಸಿರಿನಲ್ಲಿ ಒದರಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೂ ವಾಸಿ ಎನಿಸಿತು.

"ಅಪ್ಪಾ?"

"ಗೇಟು ಎಷ್ಟೊತ್ತಿಗೆ ಮುಚ್ತಾರೆ, ಕೇಳು."

ಐದೂವರೆಗೆ ಪದ್ಮಿನಿ ಬಂತು, ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಸ್ಟೀರಿಂಗ್ ಹಿಡಿದ ಅಪ್ಪ ನನ್ನ ಕಡೆ ನೋಡಲಿಲ್ಲ; ಪಕ್ಕದಲ್ಲಿ ಶಿವಣ್ಣ ಕುಳಿತಿದ್ದ. ಹೆಡ್ಡನ್ನು ಹಿಂದಿನ ಸೀಟಿನಲ್ಲಿ ಕೂಸಿನ ಹಾಗೆ ಬೆಡ್‌ಶೀಟಿನಲ್ಲಿ ಸುತ್ತಿದ್ದರು. ಶಿವಣ್ಣ ನಡುವಿನಿಂದ ಶುರುಮಾಡಿ ಒಂದೊಂದೇ ಬೋಲ್ಟು ಬಿಗಿದ. ಏಳನೆಯದು ಕಿರ್ ಎಂದಿತು. ಶಿವಣ್ಣ ಕೈ ನಿಲ್ಲಿಸಿದ.

"ಬಿಚ್ಲಾ, ಬಿಚ್ಲಾ. ಎಣ್ಣೆ ಸಾಲ್ದು ಅಂತ ಅಳ್ತಾದೆ ಅದು," ಎಂದ ಮಾರಯ್ಯ.

ಎಣ್ಣೆ ಸವರಿ ಮತ್ತೆ ಬಿಗಿದರು. ಈ ಸಲ ಸುಮ್ಮನೆ ಕುಳಿತುಕೊಂಡಿತು. ಉಳಿದದ್ದೆಲ್ಲ ಜೋಡಿಸುವ ಹೊತ್ತಿಗೆ ದೀಪ ಹಚ್ಚಿದ್ದರು. ಕೀ ತಿರುಗಿಸಿದಾಗ ಪದ್ಮಿನಿ ಎರಡು ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ, ಗುರ್ ಎನ್ನತೊಡಗಿತು. ಅಪ್ಪ ಆಗ ನನ್ನ ತಲೆಗೆ ಒಂದು ಮೊಟಕಿದರು. ನೋಯಿತು. ಜೀವ ಬಂದಂತೆಯೂ ಆಯಿತು.

ಆ ರಾತ್ರಿ ನಾನು ಶಿವಣ್ಣನ ಜೊತೆ ಬಸ್ಸಿನಲ್ಲಿ ಊರಿಗೆ ಹೋದೆ; ಅಪ್ಪ ಶೆಡ್ಡಿನೊಳಗೆ ಕಾರಿನಲ್ಲೇ ಮಲಗಿದರು. ಭಾನುವಾರ ಬಿಸಿಲು ಬಿದ್ದ ಮೇಲೆ ಮಾರಯ್ಯ ದುಡ್ಡು ತೆಗೆದುಕೊಂಡು ಗೇಟು ತೆಗೆದನಂತೆ.

ಸೋಮವಾರ ಆರ್‌ಟಿಒ ಅಂಗಳದಲ್ಲಿ ಇನ್ಸ್‌ಪೆಕ್ಟರು ಬಾನೆಟ್ಟಿನೊಳಗೆ ಬಗ್ಗಿ ನೋಡಿ, "ಸಾಕು, ಆಫ್ ಮಾಡ್ರಿ" ಎಂದರು.

"ಓಡ್ಲಿ ಬಿಡಿ ಸಾ," ಎಂದರು ಅಪ್ಪ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೆಯೋ ಇಲ್ಲವೋ ಎಂದು ಅವರ ಹಣೆ ಬೆವರುತ್ತಿತ್ತು, ನನ್ನದೂ ಅಷ್ಟೇ. ಇನ್ನೈದು ವರ್ಷಕ್ಕೆ ರುಜು ಬಿದ್ದು, ಕಾಗದ ಕೈಗೆ ಬಂದ ಮೇಲಷ್ಟೇ ಅಪ್ಪ ಕೀ ತಿರುಗಿಸಿ ಇಂಜಿನ್ ಆರಿಸಿದ್ದು.