ತುಂಗಾಬಾಯಾರ ಕಿವಿ ಮಿಷನ್ನು

ನಾನು ಒಂದು ಕಿವಿ. ನಿಜವಾದ ಕಿವಿಯಲ್ಲ, ಅದರ ಹಿಂದೆ ಕೂತು ಅದರ ಕೆಲಸ ಮಾಡುವ ಕಿವಿ. ಕಾರ್ಖಾನೆಯಲ್ಲಿ ಹುಟ್ಟಿದ ಕೂಡಲೇ ನಾನು ಕೇಳಿದ್ದು ರಬ್ಬರಿನ ಕೈಗವಸುಗಳ ಕಿರಿಕಿರಿ ಸದ್ದು. ಡಬ್ಬಿಯ ಮೇಲೆ ಶ್ರವಣ ಸಾಧನ ಎಂಬ ಘನವಾದ ಹೆಸರಿತ್ತಂತೆ, ಆದರೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆದವರಿಲ್ಲ. ಎಲ್ಲರಿಗೂ ನಾನು ಕಿವಿ ಮಿಷನ್ನು. ನನಗೆ ಕಣ್ಣಿಲ್ಲ. ಕೇಳಿದ್ದನ್ನಷ್ಟೇ ಹೇಳಬಲ್ಲೆ.

ನನ್ನ ಮೊದಲ ಒಡತಿ ಧಾರವಾಡದ ತುಂಗಾಬಾಯಿ. ಹಿಂದೂಸ್ತಾನಿ ಸಂಗೀತ ಕಲಿಸುತ್ತಿದ್ದ ಅವರನ್ನು ಶಿಷ್ಯರೆಲ್ಲ ಬಾಯಾರು ಎನ್ನುತ್ತಿದ್ದರು. ಮುಪ್ಪಿನಲ್ಲಿ ಕಿವಿ ಕೈಕೊಟ್ಟಾಗ ಮಗ ನನ್ನನ್ನು ತಂದುಕೊಟ್ಟ. ಬಾಯಾರು ಪಾಠದ ಹೊತ್ತಿಗೆ ಮಾತ್ರ ನನ್ನನ್ನು ಏರಿಸಿಕೊಂಡು, ಪಾಠ ಮುಗಿದೊಡನೆ ತೆಗೆದಿಡುತ್ತಿದ್ದರು. "ಮಂದಿ ಮಾತು ಕೇಳಿ ಸಾಕಾಗೇದ. ಸ್ವರ ಅಷ್ಟ ಸಾಕು ನನಗ" ಎನ್ನುತ್ತಿದ್ದರು.

ಅವರ ಅಚ್ಚುಮೆಚ್ಚಿನ ಶಿಷ್ಯೆ ಗದಗಿನಿಂದ ಬರುತ್ತಿದ್ದ ಶಿವಲೀಲಾ. ಅವಳು ಹಾಡುವಾಗ ಬಾಯಾರು ಉಸಿರು ಬಿಗಿಹಿಡಿಯುತ್ತಿದ್ದರು. ಹಾಗಾಗಿ ಅವರ ಮೆಚ್ಚುಗೆ ನನಗೆ ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಎಷ್ಟೇ ಚೆನ್ನಾಗಿ ಹಾಡಿದರೂ ಅವಳಿಗೆ ಸಿಗುತ್ತಿದ್ದದ್ದು ಒಂದೇ ಮಾತು: "ಇನ್ನೊಮ್ಮೆ." ಬಾಯಾರ ಬಾಯಿಂದ "ಛಲೋ ಆತು" ಎಂಬುದನ್ನು ಒಂದು ಸಲವಾದರೂ ಕೇಳಬೇಕೆಂದು ಆ ಹೆಂಗಸು ಜೀವ ತೇಯ್ದಳು.

ಒಂದು ಸಂಜೆ ಅವಳು ಮಾರವಾ ರಾಗ ಹಾಡಿ ನಿಲ್ಲಿಸಿದಳು. "ಇನ್ನೊಮ್ಮೆ" ಎಂದರು ಬಾಯಾರು. ಅವಳು ಮತ್ತೆ ಶುರುಮಾಡಿದಳು. ಹಾಡಿನ ನಡುವೆಯೇ ನನ್ನ ಪಕ್ಕದಲ್ಲಿ ಬಡಿಯುತ್ತಿದ್ದ ನಾಡಿ ನಿಂತುಹೋಯಿತು. ಅವಳಿಗೆ ತಿಳಿಯಲಿಲ್ಲ. ಕೊನೆಯವರೆಗೂ ಹಾಡಿ, ಉತ್ತರಕ್ಕಾಗಿ ಕಾಯುತ್ತ ಕೂತಳು. ಅಂಥ ಮಾರವಾ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆದರೆ ನನಗೆ ಹೇಳಲು ಬಾಯಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಮಗ ತಂಬೂರಿಯನ್ನು ಶಿವಲೀಲಾಗೆ ಕೊಟ್ಟ. "ನಿಮ್ಮ ಯಜಮಾನರಿಗೆ ಬೇಕಾಗ್ತದ, ಇಟ್ಕೋರಿ" ಎಂದು ನನ್ನನ್ನೂ ಕೊಟ್ಟ. ಅವಳ ಗಂಡ ಬಸಲಿಂಗಪ್ಪ ಗದಗಿನ ಮುದ್ರಣಾಲಯವೊಂದರಲ್ಲಿ ದುಡಿದು, ಅಲ್ಲಿನ ಯಂತ್ರಗಳ ಸದ್ದಿಗೆ ತನ್ನ ಕಿವಿ ಒಪ್ಪಿಸಿ ಬಂದವನು. ಅವನ ಕಿವಿಯ ಅಳತೆಗೆ ನನಗೊಂದು ಹೊಸ ತುದಿ ಮಾಡಿಸಿದರು. ಮೊದಲ ದಿನ ಒಗ್ಗರಣೆಯ ಚಟಪಟ ಕೇಳಿಯೇ ಅವನು ನಕ್ಕುಬಿಟ್ಟ. ಆಮೇಲೆ "ಹಾಡು ಲೀಲಾ" ಎಂದ. ಅವಳ ಹಾಡೊಂದು ಕೇಳಿದರೆ ಅವನಿಗೆ ಜಗತ್ತಿನ ಬೇರೆ ಯಾವ ಸದ್ದೂ ಬೇಕಿರಲಿಲ್ಲ.

ಬಾಯಾರು ತೀರಿದ ವರ್ಷದ ನೆನಪಿಗೆ ಶಿಷ್ಯರು ವಿಜಯಪುರದಲ್ಲಿ ಸಂಗೀತ ಕಚೇರಿ ಇಟ್ಟು, ಹಾಡಲು ಶಿವಲೀಲಾಳನ್ನು ಕರೆದರು. ಹೇಗೂ ಹೋಗುವುದು, ಬದಾಮಿ ಮತ್ತು ಗೋಳಗುಮ್ಮಟ ನೋಡಿಕೊಂಡೇ ಬರೋಣ ಎಂದು ಇಬ್ಬರೂ ಹಳೆಯ ಕಾರಿನಲ್ಲಿ ಹೊರಟರು. ನಾನಿದ್ದರೂ ಕಿವಿ ಮಂದವಾದ ಗಂಡನ ಕೈಗೆ ಸ್ಟೀರಿಂಗ್ ಕೊಡುವ ಧೈರ್ಯ ಅವಳಿಗಿರಲಿಲ್ಲ. ಕಾರು ಓಡಿಸುತ್ತ ದಾರಿಯುದ್ದಕ್ಕೂ ಗುನುಗುತ್ತಿದ್ದಳು.

ಬದಾಮಿಯಲ್ಲಿ ಮಂಗವೊಂದು ಬಾಳೆಹಣ್ಣಿನ ಚೀಲ ಕಿತ್ತುಕೊಂಡಿತು. ಬಸಲಿಂಗಪ್ಪ ಅದರೊಂದಿಗೆ ವಾದಕ್ಕಿಳಿದ, ಗೆದ್ದದ್ದು ಮಂಗ. ಇಬ್ಬರೂ ನಗುತ್ತಲೇ ಗುಹೆಯೊಳಗೆ ಹೋದರು. ಅಲ್ಲಿ ಅವರ ಮಾತು ನಿಂತಾಗ ನನಗೆ ಮೂವರ ಉಸಿರು ಕೇಳಿತು. ಗಾಳಿ ಇರಬೇಕು ಎಂದುಕೊಂಡೆ. ಬಸಲಿಂಗಪ್ಪನ ತಲೆಯೂ ಒಮ್ಮೆ ಹಿಂದಕ್ಕೆ ತಿರುಗಿತು.

ಮರುದಿನ ಬೆಳಿಗ್ಗೆ ಗೋಳಗುಮ್ಮಟದ ಬಾಗಿಲು ತೆರೆದೊಡನೆ ಕಡಿದಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿದರು. ಮೇಲೆ ಬೇರೆ ಯಾರೂ ಇರಲಿಲ್ಲ. ಅಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಕೇಳುತ್ತದೆ. ಕೂಗಿದರೆ ಏಳು ಸಲ ಮರುದನಿ ಬರುತ್ತದೆ ಎನ್ನುತ್ತಾರೆ. ಗಂಡನನ್ನು ಈ ಕಡೆ ಕೂರಿಸಿ ಶಿವಲೀಲಾ ಆ ಕಡೆಗೆ ಹೋದಳು.

"ಕೇಳಸ್ತದೇನ್ರಿ?"

"ಕೇಳಸ್ತದ. ಹಾಡು ನೋಡೂಣು."

ಅವಳು ಮಾರವಾ ಎತ್ತಿಕೊಂಡಳು. ಸಂಜೆಯ ರಾಗವನ್ನು ಬೆಳಿಗ್ಗೆ ಹಾಡಿದರೆ ಬಾಯಾರು ಗದರುತ್ತಿದ್ದದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕಚೇರಿಯ ಗುಂಗಿನಲ್ಲಿ ಬಾಯಿಗೆ ಅದೇ ಬಂತು. ಸ್ವರ ಗುಮ್ಮಟವನ್ನು ಸುತ್ತಿ ಸುತ್ತಿ ಬಂದು ಕೊನೆಗೆ ಅಡಗಿತು. ಪೂರ್ತಿ ಅಡಗಿದ ಮೇಲೆ, ತೀರ ಹತ್ತಿರದಿಂದ ಒಂದು ದನಿ ಕೇಳಿತು.

"ಇನ್ನೊಮ್ಮೆ."

ಅದು ಗೋಡೆಯಿಂದ ಬರಲಿಲ್ಲ, ನನ್ನೊಳಗಿನಿಂದ ಬಂತು. ನಾನು ಕೇಳುವ ವಸ್ತು, ಮಾತಾಡುವ ವಸ್ತುವಲ್ಲ. ನನಗೇ ಭಯವಾಯಿತು.

"ಲೀಲಾ, ಬಾಯಾರು..." ಬಸಲಿಂಗಪ್ಪ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ.

"ಏನಂದ್ರು? ಖರೇ ಹೇಳ್ರಿ."

"ಇನ್ನೊಮ್ಮೆ ಅಂದ್ರು."

ಅವಳು ಹೆದರಿ ಓಡಿಬರುತ್ತಾಳೆಂದು ಅವನು ಎಣಿಸಿದ್ದ. ಅವಳು ಮತ್ತೆ ಹಾಡಿದಳು. ಮತ್ತೆ ಅದೇ ಮಾತು. ಶಾಲೆಯ ಮಕ್ಕಳ ಗುಂಪೊಂದು ಕಿರುಚುತ್ತ ಮೇಲೆ ಬರುವವರೆಗೂ ಅವಳು ಹಾಡುತ್ತಲೇ ಇದ್ದಳು.

ಇಳಿಯುವಾಗ ಹೇಳಿದಳು, "ಸಂಜೀಕ ಕಚೇರ್ಯಾಗ ಮಿಷನ್ ತೆಗೀಬ್ಯಾಡ್ರಿ. ಬಾಯಾರು ಹೋದ ದಿನದ ಉತ್ತರ ನನಗಿನ್ನೂ ಬಂದಿಲ್ಲ. ಛಲೋ ಆತು ಅಂದ್ರ ಗೋಣು ಹಾಕ್ರಿ, ನಾ ನೋಡ್ತಿರ್ತೀನಿ."

ಕಚೇರಿಯಲ್ಲಿ ಬಸಲಿಂಗಪ್ಪ ಮೊದಲ ಸಾಲಿನಲ್ಲೇ ಕೂತಿದ್ದ. ಶಿವಲೀಲಾ ಮಾರವಾ ಹಾಡಿ ಮುಗಿಸಿದಳು. ಆಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಆ ಗದ್ದಲದಲ್ಲೂ ನನ್ನೊಳಗೆ ಸ್ಪಷ್ಟವಾಗಿ ಕೇಳಿತು: "ಇನ್ನೊಮ್ಮೆ."

ಬಸಲಿಂಗಪ್ಪನ ತಲೆ ಕೆಳಗೆ ಬಾಗಿ ಮೇಲೆ ಬಂತು. ನನಗೆ ಹೇಗೆ ಗೊತ್ತೆಂದರೆ, ನಾನಿದ್ದದ್ದೇ ಆ ತಲೆಯ ಮೇಲೆ. ಮೈಕಿನಲ್ಲಿ ಅವಳು ನೆಮ್ಮದಿಯ ನಿಟ್ಟುಸಿರು ಬಿಟ್ಟದ್ದು ಸಭೆಗೆಲ್ಲ ಕೇಳಿತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಷ್ಟು ವರ್ಷ ಹಸಿದು ಕೂತವಳಿಗೆ ಬರಿಗೈ ತೋರಿಸುವುದು ಅವನಿಂದಾಗಲಿಲ್ಲ.

ವಾಪಸು ಬರುವಾಗ ಕೊಲ್ಹಾರದಲ್ಲಿ ನಿಂತು ಗಟ್ಟಿ ಮೊಸರು ತಿಂದರು. ಶಿವಲೀಲಾ ಖುಷಿಯಾಗಿದ್ದಳು, ಆದರೆ ಗುನುಗುತ್ತಿರಲಿಲ್ಲ. ನನ್ನೊಳಗಿನ ದನಿ ಮಾತ್ರ ಬಿಡಲಿಲ್ಲ. ಕೃಷ್ಣೆಯ ಸೇತುವೆ ಬಂದಾಗ ಬಸಲಿಂಗಪ್ಪ ಕಾರು ನಿಲ್ಲಿಸಲು ಹೇಳಿ ಇಳಿದ. ನನ್ನನ್ನು ಕಿವಿಯಿಂದ ತೆಗೆದು, ನನ್ನ ಬ್ಯಾಟರಿ ಸೆಲ್ ಕಿತ್ತು ಹೊಳೆಗೆ ಎಸೆದ. ಸೆಲ್ ಇಲ್ಲದ ನನಗೆ ಏನೂ ಕೇಳಬಾರದು. ಆದರೂ ಅಷ್ಟು ಕೆಳಗೆ ಅದು ನೀರಿಗೆ ಬಿದ್ದ ಸದ್ದು ನನಗೆ ಕೇಳಿತು.

ಮನೆಯಲ್ಲಿ ಅವನು ನನ್ನನ್ನು ತನ್ನ ತಾಯಿಯ ಹಳೆಯ ಎಲೆಅಡಿಕೆ ಡಬ್ಬಿಯಲ್ಲಿ ಮುಚ್ಚಿಟ್ಟ. ಅವಳು ತಂಬೂರಿಗೆ ಗವಸು ಹಾಕಿ ಮೂಲೆಗೆ ನಿಲ್ಲಿಸಿದಳು. ಯಾಕೆಂದು ಅವನು ಕೇಳಿದ್ದಕ್ಕೆ ನಕ್ಕಳು. "ಬಾಯಾರು ಛಲೋ ಆತು ಅಂದಮ್ಯಾಲ ಇನ್ನೇನು ಹಾಡೂದ್ರಿ? ಮುಗೀತು."

ನಾಲ್ಕು ದಿನದ ವಿಶ್ರಾಂತಿ ಇರಬೇಕು ಎಂದುಕೊಂಡ ಪಾಪದವನು. ಮಳೆಗಾಲ ಹೋಯಿತು, ಚಳಿಗಾಲವೂ ಹೋಯಿತು. ಅವಳಿಗೆ ದುಃಖವೇನೂ ಇರಲಿಲ್ಲ, ಹಾಗಾಗಿ ಸಮಾಧಾನ ಮಾಡಿ ಹಾಡಿಸುವಂತೆಯೂ ಇರಲಿಲ್ಲ. ತಾನು ಕೊಟ್ಟ ಸುಳ್ಳಿನ ತುತ್ತೇ ಅವಳ ದನಿಯನ್ನು ಕಿತ್ತುಕೊಂಡಿತೆಂದು ಅವನಿಗೆ ಅರ್ಥವಾಯಿತು. ಡಬ್ಬಿಯ ಕತ್ತಲಲ್ಲಿ ಪ್ರತಿ ಸಂಜೆ "ಇನ್ನೊಮ್ಮೆ" ಎಂಬ ಮಾತು ಹುಟ್ಟಿ, ಕೇಳುವವರಿಲ್ಲದೆ ಅಲ್ಲೇ ಸಾಯುತ್ತಿತ್ತು.

ಒಂದು ಸಂಜೆ ಡಬ್ಬಿಯ ಮುಚ್ಚಳ ತೆರೆಯಿತು. ಬಸಲಿಂಗಪ್ಪ ನನ್ನನ್ನು ಕಿವಿಗೆ ಏರಿಸಿಕೊಂಡು ಆ ಮಾತು ಮತ್ತೆ ಕೇಳುವವರೆಗೂ ನಿಂತ. ಆಮೇಲೆ ಅಡುಗೆಮನೆಗೆ ನಡೆದ. ಅಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಲೀಲಾ, ಅವತ್ತ ಬಾಯಾರು ಛಲೋ ಆತು ಅಂದಿರಲಿಲ್ಲ."

ರೊಟ್ಟಿಯ ಸದ್ದು ನಿಂತಿತು. "ಮತ್ತೇನಂದಿದ್ರು?"

"ಇನ್ನೊಮ್ಮೆ ಅಂದ್ರು. ಈಗೂ ಅನ್ನಾಕತ್ತಾರ."

ಹಂಚಿನ ಮೇಲಿನ ರೊಟ್ಟಿ ಚಟಗುಟ್ಟಿ ಹೊತ್ತಿತು. ಬೈಯುತ್ತಾಳೆಂದು ಅವನು ಕಾದ. ನಾನೂ ಕಾದೆ.

"ಇಷ್ಟು ದಿನ ಅವರನ್ನ ಕಾಯಿಸಿದ್ರೇನ್ರಿ?" ಎಂದಳು. ಆಮೇಲೆ ಕೈ ತೊಳೆದ ಸದ್ದು, ಗವಸು ಬಿಚ್ಚಿದ ಸದ್ದು, ತಂಬೂರಿಯ ತಂತಿ.

ಈಗ ನನಗೆ ವಯಸ್ಸಾಗಿದೆ. ತುದಿ ಸಡಿಲಾಗಿದೆ, ಒಳಗೆಲ್ಲೋ ತುಕ್ಕು ಹಿಡಿದಿರಲಿಕ್ಕೂ ಸಾಕು. ಹಗಲೆಲ್ಲ ಡಬ್ಬಿಯಲ್ಲಿರುತ್ತೇನೆ, ಸಂಜೆಯಾದರೆ ಬಸಲಿಂಗಪ್ಪನ ಕಿವಿಗೆ ಏರುತ್ತೇನೆ. ಶಿವಲೀಲಾ ಹಾಡುತ್ತಾಳೆ, ಅವನು ಕೇಳುತ್ತಾನೆ, ಮುಗಿದ ಮೇಲೆ ಬಾಯಾರು ಅಂದದ್ದನ್ನು ಇದ್ದ ಹಾಗೇ ಹೇಳುತ್ತಾನೆ. ಅವಳು ಮತ್ತೆ ಎತ್ತಿಕೊಳ್ಳುತ್ತಾಳೆ. ನನಗೊಂದು ಹೊಸ ಸೆಲ್ ಹಾಕಬೇಕೆಂಬುದು ಇಬ್ಬರಿಗೂ ಇನ್ನೂ ನೆನಪಾಗಿಲ್ಲ.